ಹನ್ನೊಂದೂವರೆ ಸೈನಿಕರು

ಅಗ್ನಿಶಾಮಕ ಠಾಣೆಯ ಮೇಲೆ ಎರಡು ಕೋಣೆ,
ಮಂಗಳವಾರ, ಶನಿವಾರ, ಹತ್ತರಿಂದ ಒಂದು.
ಬೀಗದ ಕೈ ನನ್ನ ಹತ್ತಿರ.
ಒಂದು ಇಡೀ ದೇಶ ಇಷ್ಟರಲ್ಲೇ ಹಿಡಿದಿದೆ,
ಇನ್ನೊಂದು ಕುರ್ಚಿಗೂ ಜಾಗ ಉಳಿದಿದೆ.

ಎರ್ಲನ್‌ಗ್ರುಂಡ್ ಅಂತ. ನಕಾಶೆಯಲ್ಲಿ
ಹೆಸರು ಬರೆದರೆ ದೇಶವೇ ಮುಚ್ಚಿಹೋಗುತ್ತಿತ್ತು;
ಅದಕ್ಕೇ ಪಕ್ಕದ ರಾಜನ ಕಾಡಿನ ಮೇಲೆ ಬರೆದು
ಗೆರೆಯೊಂದನ್ನು ಎಳೆದು ತೋರಿಸಿದರು.

ಮುದಿ ಪ್ರಭು ತೀರಿಕೊಂಡ ವರ್ಷ
ಅಣ್ಣ ತಮ್ಮ ಪಾಲಿಗೆ ಕೂತರು.
ಅಣ್ಣನಿಗೆ ಕೋಟೆ, ತಮ್ಮನಿಗೆ ಗಿರಣಿ,
ಹೊಳೆಯ ನಟ್ಟನಡುವೆ ಗಡಿ
(ಮೀನುಗಳಿಗೆ ತಿಳಿಸಿದ ದಾಖಲೆಯಿಲ್ಲ).
ಬೆಳ್ಳಿ ಚಮಚ ಇಪ್ಪತ್ತೇಳು. ಹದಿಮೂರು, ಹದಿಮೂರು,
ಉಳಿದೊಂದನ್ನು ಅಕ್ಕಸಾಲಿಗನಿಂದ ತುಂಡರಿಸಿದರು.
ಹಿಡಿ ನಮ್ಮಲ್ಲಿದೆ, ಮೂರನೆಯ ಕಪಾಟು.
ನೇಣುಗಂಬವೊಂದೇ ಜಂಟಿ:
ಇಬ್ಬರಿಗೂ ಬೇಕು, ಮರದ ಖರ್ಚು ಯಾರಿಗೂ ಬೇಡ.

ಆಮೇಲೆ ಚಕ್ರವರ್ತಿಯ ಕಾಗದ ಬಂತು:
ಯುದ್ಧಕ್ಕೆ ಇಪ್ಪತ್ತಮೂರು ಜನ.
ಗುಮಾಸ್ತ ಭಾಗಿಸಿಯೇ ಬರೆದಿದ್ದಾನೆ, ಕೈ ನಡುಗಿಲ್ಲ:
ಆ ದಡ ಹನ್ನೊಂದೂವರೆ, ಈ ದಡ ಹನ್ನೊಂದೂವರೆ.

ಅರ್ಧಕ್ಕೆ ಅರ್ಧ ಸೇರಿ ಆದವನು ವೆಂಡೆಲಿನ್ ಶ್ರಾಫ್,
ಸುಣ್ಣದ ಗೂಡಿನವನು, ಆರಡಿ ಆಳು.
ಇದು ಅವನ ಕೋಟು. ಮುಟ್ಟಬೇಡಿ.
ಎಡತೋಳು ಹಸಿರು, ಬಲತೋಳು ನೀಲಿ,
ಬೆನ್ನ ಹೊಲಿಗೆಯಗುಂಟ ಇಳಿದಿದೆ ಗಡಿ.
ಸೋಮ, ಮಂಗಳ, ಬುಧ ಅಣ್ಣನಿಗೆ ಸಲಾಮು,
ಗುರುವಾರ ಸೇತುವೆ ದಾಟಿ ತಮ್ಮನಿಗೆ.
ಶಾಲೆಯ ಮಕ್ಕಳು ನಗುತ್ತಾರೆ. ನಗಲಿ ಅಂತ ಬಿಡುತ್ತೇನೆ.
ನುಸಿಯಂತೂ ಬಣ್ಣ ನೋಡದೆ ತಿಂದಿದೆ.

ಎಲ್ಬೆಯ ಆಚೆ, ಯಾರದೋ ಕೋಸಿನ ಹೊಲದಲ್ಲಿ
ಗುಂಡು ಪಾಲುಪಟ್ಟಿ ಕೇಳಲಿಲ್ಲ.
ಪೂರಾ ಸತ್ತ.

ವಾಲ್‌ಬುರ್ಗ, ಅವನ ಹೆಂಡತಿ, ಮೂರು ಮಕ್ಕಳು,
ಪಿಂಚಣಿ ಕೇಳಿ ಕೋಟೆಗೆ ಹೋದಳು.
ಉತ್ತರ ಇಲ್ಲಿದೆ, ಅರಗಿನ ಮುದ್ರೆ ಸಮೇತ:
‘ಗುಂಡು ತಗಲಿದ್ದು ಬಲಗಡೆಯೆಂದು ತಿಳಿಯುತ್ತದೆ.
ಬಲಗಡೆ ನಮ್ಮದಲ್ಲ.’
ಗಿರಣಿಗೆ ಹೋದಳು.
‘ಎದೆಗೆ ಎಂದು ಕೇಳಿದ್ದೇವೆ. ಎದೆ ಎಡಕ್ಕಿರುತ್ತದೆ.’
ಮತ್ತೆ ಕೋಟೆ. ಮತ್ತೆ ಗಿರಣಿ.
ಸೇತುವೆ ದಾಟಿದರೆ ತಲೆಗೊಂದು ಕಾಸು ಸುಂಕ.

ಸುಂಕದ ಪುಸ್ತಕ ಕೊನೆಗೆ ತೋರಿಸುತ್ತೇನೆ,
ಜನ ಅಷ್ಟು ಹೊತ್ತಿಗೆ ಕೋಟು ಹಾಕಿಕೊಳ್ಳುತ್ತಿರುತ್ತಾರೆ.
ಬರೆದವನು ಟ್ರೌಗೊಟ್, ನನ್ನ ಮುತ್ತಜ್ಜನ ಅಜ್ಜ.
ಅಕ್ಷರ ದುಂಡಗೆ, ಬಟಾಣಿಯ ಹಾಗೆ.
‘ಶ್ರಾಫ್ ವಿಧವೆ, ಒಂದು ಕಾಸು.’
‘ಶ್ರಾಫ್ ವಿಧವೆ, ಒಂದು ಕಾಸು.’
ನಲವತ್ತೊಂದು ಸಲ ಎಣಿಸಿದ್ದೇನೆ.
ಒಂದನ್ನೂ ಬಿಟ್ಟಿಲ್ಲ, ಮಹಾರಾಯ.

ಜನವರಿಯ ಪುಟದಲ್ಲಿ ಮಸಿ ತೆಳು:
‘ಕಡು ಚಳಿ. ಹೊಳೆ ಹೆಪ್ಪುಗಟ್ಟಿದೆ.
ಒಬ್ಬ ಹೆಂಗಸು ಸೇತುವೆಯ ಕೆಳಗೆ, ಮಂಜುಗಡ್ಡೆಯ ಮೇಲೆ,
ಮಗುವನ್ನೆತ್ತಿಕೊಂಡು ದಾಟಿ ಹೋದಳು.
ನಾನು ನೋಡಲಿಲ್ಲ.’