ತೊಗರಿ ಜಾಡಿಸುವಾಗ

ಕಲಬುರಗಿಯ ದಾಲ್ ಮಿಲ್ಲಿನಲ್ಲಿ ನನ್ನ ಕೆಲಸ
ಬಣ್ಣ ನೋಡಿ ಕಾಳು ಆರಿಸುವ ಯಂತ್ರದ ಪಕ್ಕ ಕೂತಿರುವುದು.
ಕಪ್ಪು ಕಂಡರೆ, ತೂತು ಕಂಡರೆ
ಫುಸ್ ಎಂದು ಊದುತ್ತದೆ, ಕಾಳು ಹೊರಗೆ.
ದಿನವಿಡೀ ಕಿವಿಯ ತುಂಬ ಅದೇ ಉಸಿರು,
ಮೀಸೆಯ ತುಂಬ ಹಳದಿ ಧೂಳು.

ಹಾಲು ಬಿಟ್ಟು ಮೂರು ವರ್ಷವಾಯಿತು.
ನಮ್ಮ ಓಣಿಯ ಗೌಳಿ
ಸತ್ತ ಕೋಣಗರುವಿನ ತೊಗಲಿಗೆ ಹುಲ್ಲು ತುಂಬಿ
ಎಮ್ಮೆಯ ಮುಂದೆ ನಿಲ್ಲಿಸಿದ್ದ.
ಎಮ್ಮೆ ಅದನ್ನು ನೆಕ್ಕುತ್ತ ನೆಕ್ಕುತ್ತ ತೊರೆಬಿಟ್ಟಿತು.
ಚೆಂಬು ಹಿಡಿದು ಕಾಯುತ್ತಿದ್ದವನು ನಾನು.

ಅವತ್ತಿನಿಂದ ಕರಿ ಚಹಾ, ತುಪ್ಪವಿಲ್ಲದ ಹೋಳಿಗೆ.
"ಇವಂದೇನು ಸನ್ಯಾಸ" ಎಂದು ನಕ್ಕವರಿಗೆ
"ನನ್ನ ತಾಟಿನಾಗ ರಕ್ತ ಇಲ್ಲ ನೋಡ್ರಿ" ಅನ್ನುತ್ತಿದ್ದೆ.
ಅನ್ನುವಾಗ ದನಿ ತುಸು ಎತ್ತರವೇ ಇರುತ್ತಿತ್ತು,
ಸುಳ್ಳು ಯಾಕೆ.

ಕಾರ್ತಿಕದ ಕೊನೆಗೆ ಅಕ್ಕ ನೀಲಬಾಯಿಯ ಫೋನು:
"ಮೋಡ ಮುಸುಕ್ಯಾವ, ತೊಗರಿಗಿ ಹುಳ ಬಿದ್ದದ.
ಔಷಧ ಹೊಡದ್ರೂ ಸಾಯವಲ್ದು.
ಆಳು ಸಿಗವಲ್ರು, ಎರಡು ದಿನ ಬಾ."

ಆಳಂದದ ಆಚೆ ಕರಿ ಎರೆಹೊಲ, ಎದೆಮಟ್ಟ ಹೂವು.
ಲಾಲಬಿ ತನ್ನ ಹಳೇ ಸೀರೆ ತಂದಿದ್ದಳು,
ಒಂದು ತುದಿ ನನ್ನ ಕೈಗಿಟ್ಟಳು.
ಸಾಲಿನ ನಡುವೆ ಹಾಸುತ್ತ ನಡೆದೆವು,
ಅಕ್ಕ ಗಿಡ ಬಗ್ಗಿಸಿ ಜಾಡಿಸಿದಳು.

ಮೆತ್ತಗೆ ಸದ್ದು. ಅಕ್ಷತೆ ಬಿದ್ದ ಹಾಗೆ.
ಹಸಿರು ಹುಳ, ಕಂದು ಹುಳ,
ಪಕ್ಕೆಗೆ ಬಿಳಿ ಗೆರೆ, ಯಾರೋ ಪುರುಸೊತ್ತಿನಿಂದ ಎಳೆದಂಥದ್ದು.
ಬಿದ್ದೊಡನೆ ಸುರುಳಿಯಾಗಿ ಸತ್ತಂತಿದ್ದು
ಆಮೇಲೆ ಬಿಚ್ಚಿಕೊಂಡು
ಸೀರೆಯಂಚಿನ ನವಿಲು ದಾಟಿ
ಮತ್ತೆ ಗಿಡದ ಕಡೆಗೇ ಹೊರಡುತ್ತಿದ್ದವು.

ಅವನ್ನು ಸೀಮೆಎಣ್ಣೆ ನೀರಿನ ಬಕೆಟ್ಟಿಗೆ ಕೊಡಹುವುದು
ನನ್ನ ಪಾಲಿಗೆ ಬಂತು.
ಎಣಿಸಿದೆ.
ಆರುನೂರಾ ಹನ್ನೆರಡಕ್ಕೆ ಲೆಕ್ಕ ತಪ್ಪಿತು.
ಇನ್ನೂ ನಾಲ್ಕನೇ ಸಾಲು.

ಮಧ್ಯಾಹ್ನ ಬೇವಿನ ನೆರಳಲ್ಲಿ ರೊಟ್ಟಿ, ಬ್ಯಾಳಿ.
"ಹಾಲು ಯಾಕ ಬಿಟ್ಟೀ ತಮ್ಮಾ?" ಲಾಲಬಿ ಕೇಳಿದಳು.
ಹೇಳಿದೆ. ತುತ್ತು ನಿಲ್ಲಿಸಿ ಪೂರಾ ಕೇಳಿದಳು.
"ಖರೇನೇ ಕೆಟ್ಟದ್ದು ಅದು" ಅಂದಳು.
ಆಮೇಲೆ ಬಕೆಟ್ಟಿನ ಕಡೆ ನೋಡಿ,
ಉಳ್ಳಾಗಡ್ಡಿಯ ರೇಟು ಕೇಳುವ ದನಿಯಲ್ಲಿ,
"ಇವಕ್ಕ ಅವ್ವ ಇರಂಗಿಲ್ಲೇನು?"

"ಪತಂಗ" ಎಂದಳು ಅಕ್ಕ, "ರಾತ್ರಿ ಬರ್ತದ,
ಹೂವಿಗೊಂದರಂಗ ತತ್ತಿ ಇಟ್ಟು ಹೋಗ್ತದ."

ನನ್ನಲ್ಲಿ ಉತ್ತರವಿತ್ತು.
ಎಮ್ಮೆಗೂ ಇದೇ ಹೊಲದ ಹೊಟ್ಟು ಬೇಕು,
ಹಾಲು ಕುಡಿದರೆ ಕರುವೂ ಹೋಯಿತು, ಹುಳವೂ ಹೋಯಿತು,
ಬಿಟ್ಟರೆ ಒಂದಾದರೂ ಕಮ್ಮಿ.
ಲೆಕ್ಕ ಸರಿಯೇ ಇತ್ತು. ಈಗಲೂ ಸರಿಯೇ ಇದೆ.
ಬಾಯಲ್ಲಿ ರೊಟ್ಟಿ ಇತ್ತು, ನುಂಗಿದೆ.

ಸಂಜೆ, ಸಾಲಿನ ತುದಿಗೆ,
ಕಾಲ ಬುಡದಿಂದ ಬುರ್ ಎಂದು ಬುರ್ಲಿ ಎದ್ದಿತು.
ಎರೆ ಬಿರಿದ ತಗ್ಗಿನಲ್ಲಿ ಐದು ತತ್ತಿ.
ಲಾಲಬಿ ಸೀರೆಯ ಚುಂಗು ಹರಿದು ಗಿಡಕ್ಕೆ ಕಟ್ಟಿದಳು:
"ಈ ನಾಕು ಗಿಡ ಜಾಡಿಸೂದು ಬ್ಯಾಡ."
ಆ ನಾಕು ಗಿಡದ ಹುಳ ಹೀಗೆ ಒಂದು ರಾತ್ರಿ ಉಳಿದವು,
ತಮಗೇ ಗೊತ್ತಿಲ್ಲದೆ, ಯಾರದೋ ಬಸಿರಿನ ಋಣದಲ್ಲಿ.

ಬೆಳಿಗ್ಗೆ ಸಿಪ್ಪೆ ಅಷ್ಟೇ ಇತ್ತು.
"ಮುಂಗಸಿ" ಎಂದಳು. "ಅದಕ್ಕೂ ಹೊಟ್ಟಿ ಅದ."
ಚಿಂದಿ ಬಿಚ್ಚಿ, ಮಡಿಸಿ, ಸೊಂಟಕ್ಕೆ ಸಿಕ್ಕಿಸಿಕೊಂಡಳು.
ನಾನು ಸೀರೆಯ ತುದಿ ಹಿಡಿದೆ.
ಅಕ್ಕ ಆ ನಾಕೂ ಗಿಡ ಜಾಡಿಸಿದಳು.

ಮಾಘಕ್ಕೆ ಹೊಸ ತೊಗರಿ ಮಿಲ್ಲಿಗೆ ಬಂತು.
ಫುಸ್. ಫುಸ್. ತೂತಿನ ಕಾಳು ಹೊರಗೆ.
ಅದರದೇ ಎರಡು ಸೇರು ಮನೆಗೆ ಒಯ್ಯುತ್ತೇನೆ ಈಗ;
ಅಗ್ಗ, ಮತ್ತೆ, ಅರ್ಧ ಬೇರೆ ಯಾರೋ ಉಂಡದ್ದು.
ಉಂಡವರು ಇಲ್ಲ ಅನ್ನುವುದೂ ಗೊತ್ತಿದೆ.

ಮೊನ್ನೆ ಮದುವೆಯಲ್ಲಿ ಯಾರೋ ಮತ್ತೆ ಕೇಳಿದರು.
"ಒಂದು ಕರು ಇತ್ತು" ಅಂದೆ, ಅಷ್ಟೇ.
ಬ್ಯಾಳಿ ಹಿಡಿದು ಎರಡನೇ ಸಲ ಬಂದವನಿಗೆ
ಕೈ ಅಡ್ಡ ಹಿಡಿಯಲಿಲ್ಲ.
ಹಸಿವಿತ್ತು.