ರೇಂಜಿಲ್ಲದ ಹನ್ನೊಂದು ದಿನ

ಕೂತ್ಕೊಳ್ಳಿ ಡಾಕ್ಟ್ರೇ, ಜಾಗ್ರತೆ, ಆ ಸ್ಟೂಲಿನ ಒಂದು ಕಾಲು ಮೋಸ.
ಮೂರು ವರ್ಷದ ರಿಜಿಸ್ಟರು ಇಷ್ಟೇ. ಮಧ್ಯದ್ದು ಹೋದ ಮಳೆಗೆ ನೆನೆದು
ಆಗಸ್ಟಿನ ಶಾಯಿ ಸೆಪ್ಟೆಂಬರಿಗೆ ಇಳಿದಿದೆ.
ಕಫ ನೋಡಿದ್ದು ಎರಡು ಸಾವಿರದ ನೂರಾರು ಮಂದಿಯದ್ದು,
ನೀಲಿ ಬಯಲಲ್ಲಿ ಕೆಂಪು ಕಡ್ಡಿ ಕಂಡದ್ದು ನೂರ ಎಂಬತ್ತೊಂದರಲ್ಲಿ.
ಶೇಕಡಾ ಎಷ್ಟೆಂದು ನಿಮ್ಮ ಲ್ಯಾಪ್‌ಟಾಪು ಹೇಳಲಿ.
ನನಗೆ ಗೊತ್ತಿರುವುದು ಡಬ್ಬಿ ಕೈಗೆ ಬಂದಾಗಿನ ಬಿಸಿ.

ವಯಸ್ಸು, ಲಿಂಗ, ಉದ್ಯೋಗ, ಸಕ್ಕರೆ ಉಂಟೋ ಇಲ್ಲವೋ:
ನಿಮ್ಮ ಕಾಲಮ್ಮುಗಳು ಚಂದ ಉಂಟು.
ಉದ್ಯೋಗದ ಮನೆಯಲ್ಲಿ ‘ಗೃಹಿಣಿ’ ಅಂತ ಬರೆದದ್ದು ನಾನೇ,
ಜುಲೇಕಮ್ಮನ ಉಗುರಿನ ಸಂದಿಯಲ್ಲಿ ಹೊಗೆಸೊಪ್ಪಿನ ಪುಡಿ ಇತ್ತು.
ದಿನಕ್ಕೆ ಎಂಟುನೂರು ಬೀಡಿ. ಕೇಳಿದರೆ
“ಮನೆಯಲ್ಲೇ ಇರ್ತೇನಲ್ಲ” ಅಂದಳು.
ಅದೊಂದು ತಿದ್ದಿಕೊಳ್ಳಿ. ಪುಟ ಎಪ್ಪತ್ತು.

ಮತ್ತೆ ಈ ನೂರ ಹದಿನಾಲ್ಕನೆಯವ,
ಷರಾದಲ್ಲಿ ‘ಮಾತ್ರೆ ಬಿಟ್ಟವ’ ಅಂತ ಉಂಟಲ್ಲ,
ಲೀಲಾಧರ ಪುತ್ರನ್, ಧಕ್ಕೆಯ ಟ್ರಾಲ್ ಬೋಟಿನಲ್ಲಿ ಅಡುಗೆಗೆ.
ನುಂಗಿದ ಮೇಲೆ ಪಟ್ಟಿಯ ಹಿಂದಿನ ನಂಬರಿಗೆ ಮಿಸ್ಡ್ ಕಾಲ್ ಕೊಡಬೇಕು,
ಕೊಡದಿದ್ದರೆ ಕಂಪ್ಯೂಟರಿನಲ್ಲಿ ಆ ದಿನ ಕೆಂಪು.
ಹನ್ನೊಂದು ದಿನ ಸಾಲಾಗಿ ಕೆಂಪು.
ಹನ್ನೆರಡಕ್ಕೆ ಬಂದ, ಮೈಯೆಲ್ಲ ಬಂಗುಡೆ, ಡೀಸೆಲು,
ಪ್ಲಾಸ್ಟಿಕ್ ತೊಟ್ಟೆಯಿಂದ ಖಾಲಿ ಪಟ್ಟಿಗಳನ್ನು ತೆಗೆದು
ಇಸ್ಪೀಟಿನ ಎಲೆಯ ಹಾಗೆ ಈ ಮೇಜಿಗೆ ಹಾಸಿದ.
“ಅಲ್ಲಿ ಎಂತ ರೇಂಜು ಅಕ್ಕ, ನೀರಿಗೆ ಟವರುಂಟಾ?
ಸಾಕ್ಷಿ ಬೇಕಾದರೆ ತಾಂಡೇಲರನ್ನು ಕೇಳಿ,
ಬೆಳಿಗ್ಗೆ ಬೋಟಿನ ಅಂಚಲ್ಲಿ ನಿಂತು ನಾನು ಹೊಯ್ಯುವುದು
ಪುನರ್ಪುಳಿ ಶರಬತ್ತಿನ ಬಣ್ಣ. ಇಡೀ ಬೋಟು ನಗುತ್ತದೆ.”

ನಾನೂ ನಕ್ಕೆ, ಮಾಸ್ಕಿನೊಳಗೆ.
ಷರಾ ತಿದ್ದಲಿಕ್ಕೆ ನನಗೆ ಅಧಿಕಾರವಿಲ್ಲ,
ಪಕ್ಕದಲ್ಲಿ ಪೆನ್ಸಿಲಿನಲ್ಲಿ ‘ಕಡಲಿನಲ್ಲಿದ್ದ’ ಅಂತ ಬರೆದೆ.
ಆಮೇಲೆ, ಯಾಕೋ, ಕೇಳಿದೆ:
ಕ್ಯಾಬಿನಿನಲ್ಲಿ ಎಷ್ಟು ಮಂದಿ ಮಲಗುವುದು?
“ಏಳು. ತಲೆ ಕಾಲು, ತಲೆ ಕಾಲು,
ಬುಟ್ಟಿಯಲ್ಲಿ ಬೂತಾಯಿ ಇಟ್ಟ ಹಾಗೆ.
ಗಾಳಿ ಜೋರಿದ್ದರೆ ಬಾಗಿಲು ಹಾಕ್ತೇವೆ.”

ಏಳರಲ್ಲಿ ಒಂದು ಕಳೆದರೆ ಆರು.
ಆ ಆರು ನಿಮ್ಮ ಭಾಗಾಕಾರದ ಗೆರೆಯ ಮೇಲಿಲ್ಲ, ಕೆಳಗೂ ಇಲ್ಲ.
ಇಬ್ಬರು ಒಡಿಶಾದ ಹುಡುಗರಂತೆ, ಹೆಸರು ಅವನಿಗೂ ಪೂರ್ತಿ ಬರುವುದಿಲ್ಲ.
ನಾವು ಎಣಿಸುವುದು ಈ ಮೆಟ್ಟಿಲು ಹತ್ತಿದ ಕೆಮ್ಮನ್ನು ಮಾತ್ರ ಡಾಕ್ಟ್ರೇ.

ಬರೆಯಿರಿ, ನಿಮ್ಮ ಗೈಡು ಕಾಯುತ್ತಿರಬಹುದು.
ಹೋಗುವಾಗ ಆ ಕಿಟಕಿ ಮುಚ್ಚಬೇಡಿ, ಅದು ತೆರೆದೇ ಇರಬೇಕು.
ಅದರ ಕೆಳಗೆ ಆರು ಡಬ್ಬಿ ಕಟ್ಟಿಟ್ಟಿದ್ದೇನೆ, ಚೀಟಿ ಅಂಟಿಸಿಲ್ಲ ಇನ್ನೂ.
ಬೋಟು ಗುರುವಾರ ಬರುತ್ತದಂತೆ,
ಮೀನು ಸಿಕ್ಕದಿದ್ದರೆ ಶನಿವಾರ.