ತ ಅಕ್ಷರಕ್ಕೆ ಯಾವ ಚಿತ್ರ

ಸಭೆಯ ನಡಾವಳಿ ಬರೆಯುವ ಕೆಲಸ ನನ್ನದು,
ಕೈಬರಹ ದುಂಡಗಿದೆ ಎಂಬ ಒಂದೇ ಕಾರಣಕ್ಕೆ.
ಅರಲ್ ಕಡೆಯ ನಮ್ಮೂರಿಗೆ ಫೆಬ್ರವರಿಯಲ್ಲಿ
ಬೀಸುವುದು ಉಪ್ಪಿನ ಗಾಳಿ.
ಕಿಟಕಿಯ ಸಂದಿಗೆ ಹಳೇ ಕಾಲುಚೀಲ ತುರುಕಿದ್ದೇವೆ.
ಒಲೆಯ ಸುತ್ತ ಆರು ಜನ, ಐದು ಬಟ್ಟಲು ಚಹಾ.
ವಿಷಯ: ಒಂದನೇ ತರಗತಿಯವರು ಏನು ಕಲಿಯಬೇಕು.

ಹೆಡ್‌ಮಾಸ್ಟರ್ ಪೆರ್ದೆಬಾಯ್ ಕಾಗದ ಓದಿದರು,
ಕನ್ನಡಕದ ಮುರಿದ ಕಡ್ಡಿಗೆ ದಾರ ಸುತ್ತಿಕೊಂಡು:
ಇಂಗ್ಲಿಷ್ ಸೇರಿಸಬೇಕಂತೆ, ಕಂಪ್ಯೂಟರ್ ಸೇರಿಸಬೇಕಂತೆ,
ಪೀರಿಯಡ್ಡು ಮಾತ್ರ ಅಷ್ಟೇ ಇರಬೇಕಂತೆ.
ಕಂಪ್ಯೂಟರ್ ಎರಡಿವೆ ನಮ್ಮಲ್ಲಿ.
ಒಂದರ ಮೇಲೆ ಬೆಕ್ಕು ಮಲಗುತ್ತದೆ, ಬೆಚ್ಚಗಿದೆ ಅಂತ.
ಹಾಗಾದರೆ ಯಾವುದನ್ನು ತೆಗೆಯೋಣ?
ಚಿತ್ರ, ಅಂದರು ಒಬ್ಬರು. ಹಾಡು, ಅಂದರು ಇನ್ನೊಬ್ಬರು.
ನಾನು ಎರಡನ್ನೂ ಬರೆದುಕೊಂಡು
ಎರಡನ್ನೂ ಹೊಡೆದುಹಾಕಿದೆ.

ಆಮೇಲೆ ಅಕ್ಷರಗಳ ಸರದಿ.
ಇಂಜಿಗುಲ್ ಎದ್ದು ನಿಂತಳು, ಹೋದ ವರ್ಷ ಕೆಲಸಕ್ಕೆ ಸೇರಿದವಳು:
"ತ ಅಕ್ಷರಕ್ಕೆ ತೆಂಗಿಜ್ ಅಂತಿದೆ. ಸಮುದ್ರ.
ಸಮುದ್ರ ಕಂಡ ಮಗು ತರಗತಿಯಲ್ಲಿ ಒಂದೂ ಇಲ್ಲ,
ಅವರ ಅಪ್ಪಂದಿರೂ ಕಂಡಿಲ್ಲ.
ತೆಲೆಫೋನ್ ಹಾಕೋಣ. ಎಲ್ಲರ ಮನೆಯಲ್ಲೂ ಇದೆ."

ತಪ್ಪೇನಿಲ್ಲ ಅವಳ ಮಾತಿನಲ್ಲಿ.
ಕಳೆದ ವಾರ ಮೀನು ಬರೆಯಿರಿ ಎಂದಾಗ
ಅರ್ಜಾಯಿಮ್ ಬರೆದದ್ದು ಒಂದು ಚೌಕ,
ನಾಲ್ಕು ಮೂಲೆ, ಮುಚ್ಚಳ ಎಳೆಯಲು ಒಂದು ಉಂಗುರ.
ನಕ್ಕೆವು. ಆಮೇಲೆ ಸ್ವಲ್ಪ ಹೊತ್ತು
ಯಾರೂ ಯಾರ ಮುಖವನ್ನೂ ನೋಡಲಿಲ್ಲ.

ಲೆಕ್ಕದ ಮೇಷ್ಟ್ರು ತಂಗಿರ್ಬೆರ್ಗೆನ್ ಕೆಮ್ಮಿದರು.
ಅವರಪ್ಪ ದೋಣಿಯವರು.
"ಪುಸ್ತಕದಲ್ಲಿ ಹುಲಿಯೂ ಇದೆಯಲ್ಲ,
ಹುಲಿ ಕಂಡವರು ಯಾರಿದ್ದಾರೆ?"
"ಹುಲಿ ದೂರದ್ದು, ಮೇಷ್ಟ್ರೇ."
"ದೂರದ್ದಲ್ಲಮ್ಮ. ಇಲ್ಲೇ, ನದಿಯ ಜೊಂಡಿನಲ್ಲೇ ಇತ್ತು.
ನಮ್ಮಜ್ಜ ಕಂಡಿದ್ದ."
ಅವಳು ಕೂತಳು. ಹುಲಿಯನ್ನು ಹೇಗೆ ದಾಖಲಿಸುವುದೋ ತಿಳಿಯದೆ
ಪೆನ್ನು ಹಾಗೇ ಹಿಡಿದಿದ್ದೆ.

ಪೋಷಕರ ಪರವಾಗಿ ಬಂದಿದ್ದ ಕುಮಾರ್‌ಬೀಬಿ,
ಆಸ್ಪತ್ರೆಯ ಬಟ್ಟೆ ಒಗೆಯುವವಳು, ಮೊದಲ ಸಲ ಬಾಯಿಬಿಟ್ಟಳು:
"ನನ್ನ ಮಗ ಔಷಧಿ ಬಾಟಲಿ ಓದಲಿ.
ಅತ್ತೆಗೆ ಕಣ್ಣು ಕಾಣದು, ನನಗೆ ರಾತ್ರಿ ಪಾಳಿ.
ಎಷ್ಟು ಚಮಚ, ಎಷ್ಟು ಸಲ, ಅಷ್ಟು ಓದಿದರೆ ಸಾಕು.
ಸಮುದ್ರ ಆಮೇಲೆ ಬಂದರೂ ಆದೀತು."

ಒಲೆಗೆ ಇನ್ನೊಂದು ಕೊರಡು ಹಾಕಿದರು ಯಾರೋ.

ನನ್ನನ್ನು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.
ಮೂವತ್ತೊಂದು ವರ್ಷ ಎಳೆಬೆರಳು ಹಿಡಿದು ತಿದ್ದಿಸಿದ್ದೇನೆ.
ಮೊದಲು ಕಲಿಸುವುದು ಯಾವ ಪುಸ್ತಕದಲ್ಲೂ ಇಲ್ಲ:
ಉಚ್ಚೆ ಬಂದರೆ ನಾಚದೆ ಹೇಳುವುದು,
ಬಿದ್ದವನನ್ನು ನೋಡಿ ನಗು ಬಂದರೆ
ನಗುತ್ತಲಾದರೂ ಎತ್ತುವುದು.
ಉಳಿದದ್ದು ಅಂದಾಜು.
ಸರ್ಕಾರ ಬದಲಾಯಿತು, ಲಿಪಿಯೇ ಬದಲಾಯಿತು,
ನಾನು ಕಲಿಸಿದ ಅಕ್ಷರದಲ್ಲಿ ಈಗ
ನನ್ನ ಮೊಮ್ಮಗಳು ನನ್ನ ಪತ್ರ ಓದಲಾರಳು.

ಕೈ ಎತ್ತಿಸಿದರು. ಮೂರು, ಮೂರು.
"ಸೋಮವಾರದವರೆಗೆ ಸಮಯವಿದೆ" ಅಂದರು ಪೆರ್ದೆಬಾಯ್.
ನಾನು ಬರೆದೆ: ಚರ್ಚಿಸಲಾಯಿತು.

ಮರುದಿನ ಬೋರ್ಡಿನ ಮೇಲೆ ತ ಬರೆದೆ,
ಪಕ್ಕದಲ್ಲಿ ಹಳೆಯ ಪದವನ್ನೇ.
ಕುಮಾರ್‌ಬೀಬಿಯ ಮಗ ಸೇಯ್ತ್‌ನಜರ್ ಕೇಳಿದ:
"ಎಷ್ಟು ದೊಡ್ಡದು ಟೀಚರ್? ಹಾಳೆಯಷ್ಟಾ?"
"ಅದಕ್ಕಿಂತ ಸ್ವಲ್ಪ ಜಾಸ್ತಿ" ಅಂದುಬಿಟ್ಟೆ.

ಮಾತನ್ನು ಮಾತಾಗಿಯೇ ತಗೊಂಡ ಹುಡುಗ.
ನೀಲಿ ಬಳಪ ಹಾಳೆಯ ಅಂಚು ದಾಟಿತು,
ಡೆಸ್ಕಿನ ಹಲಗೆಗೆ ಹತ್ತಿತು, ಮೊಳೆಯ ಸುತ್ತ ತಿರುಗಿ
ಅರ್ಜಾಯಿಮಳ ಮೊಣಕೈವರೆಗೆ ಬಂತು.
ಅವಳು ಚಾಡಿ ಹೇಳಲಿಲ್ಲ.
ಪುಸ್ತಕ ಎತ್ತಿಕೊಂಡಳು,
ಕಾಲು ಮಡಚಿ ಬೆಂಚಿನ ಮೇಲಿಟ್ಟುಕೊಂಡಳು.

ಗಲೀಜು ಮಾಡಿದವರೇ ಒರೆಸಬೇಕು,
ಇದು ನಾನೇ ಮಾಡಿದ ನಿಯಮ.
ಒದ್ದೆ ಬಟ್ಟೆ ಕೈಯಲ್ಲಿತ್ತು.
ಗಂಟೆ ಹೊಡೆಯಲಿ, ಆಮೇಲೆ ನೋಡೋಣ ಅಂದೆ.

ಗಂಟೆ ಹೊಡೆಯಿತು. ಲೆಕ್ಕದ ಪೀರಿಯಡ್.
ತಂಗಿರ್ಬೆರ್ಗೆನ್ ಬಂದರು, ಬಾಗಿಲಲ್ಲಿ ಒಂದು ಕ್ಷಣ ನಿಂತರು,
ಆ ಡೆಸ್ಕನ್ನು ಬಳಸಿಕೊಂಡು ಬೋರ್ಡಿನ ಕಡೆ ಹೋದರು,
ಬೂಟು ನೆನೆಯದ ಹಾಗೆ.